ಬೆಕ್ಕಿಗೆ ಕೊಟ್ಟ ಗುಳಿಗೆ

ಮಸ್ಕತ್ತಿನ ಹಮ್ರಿಯಾದ ನಮ್ಮ ಮನೆ ಎರಡನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಹಾಲ್, ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ದಾಟಲಾಗದಷ್ಟು ಇಕ್ಕಟ್ಟಾದ ಅಡುಗೆಮನೆ. ಹಾಲಿನ ಕಿಟಕಿ ತೆರೆದರೆ ಎದುರಿನ ಕಟ್ಟಡದ ಎ.ಸಿ.ಗಳ ಬೆನ್ನು ಕಾಣುತ್ತಿತ್ತು. ಅವುಗಳ ಬಿಸಿಗಾಳಿ ಒಳಗೆ ಬರುತ್ತದೆಂದು ಅವ್ವ ಆ ಕಿಟಕಿಯನ್ನು ಚಳಿಗಾಲದ ಮೂರು ತಿಂಗಳು ಬಿಟ್ಟರೆ ಮುಚ್ಚಿಯೇ ಇಡುತ್ತಿದ್ದಳು. ಅಪ್ಪ ದೂರದ ಖಸಬ್‌ನಲ್ಲಿ, ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಟೆಕ್ನಿಷಿಯನ್ ಆಗಿದ್ದರು. ಮೂರು ವಾರಕ್ಕೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ಆ ನಾಲ್ಕು ದಿನ ಟಿ.ವಿ. ಜೋರಾಗಿರುತ್ತಿತ್ತು, ಊಟಕ್ಕೆ ಎರಡು ಪಲ್ಯ ಇರುತ್ತಿದ್ದವು, ಬಚ್ಚಲಿನ ನಲ್ಲಿ ರಿಪೇರಿಯಾಗುತ್ತಿತ್ತು. ಉಳಿದ ದಿನ ನಾವಿಬ್ಬರೇ. ನಾನು ಮಾತು ಕಡಿಮೆಯ ಹುಡುಗಿ. ಅವ್ವನಿಗೆ ಮಾತು ಬೇಕಿತ್ತು. ಅವಳಿಗೆ ಜನರನ್ನು ತಂದುಕೊಡುತ್ತಿದ್ದುದು ಫ್ರಿಜ್ಜಿನ ಮೇಲಿದ್ದ ಒಂದು ಡಬ್ಬಿ.

ಅದು ಬಿಸ್ಕತ್ತಿನ ದುಂಡನೆಯ ತಗಡಿನ ಡಬ್ಬಿ. ಒಳಗೆ ಒಂದು ವರ್ಷಕ್ಕಾಗುವಷ್ಟು ಗುಳಿಗೆಗಳು: ಜ್ವರದವು, ನೆಗಡಿಯವು, ಹೊಟ್ಟೆಯವು, ತುರಿಕೆಯವು, ಮೈಕೈ ನೋವಿನವು. ಪ್ರತಿ ಬೇಸಗೆ ರಜೆಯಲ್ಲಿ ಬಾಗಲಕೋಟೆಗೆ ಹೋದಾಗ ಅವ್ವ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಜೊತೆಗೆ ಇವನ್ನೂ ಕಟ್ಟಿಕೊಂಡು ಬರುತ್ತಿದ್ದಳು. ಮಸ್ಕತ್ತಿನಲ್ಲಿ ನಮ್ಮ ಕಡೆಯ ಬಹುತೇಕ ಮನೆಗಳು ಹೀಗೇ ಮಾಡುತ್ತಿದ್ದವು. ಹೊರಡುವ ಹಿಂದಿನ ದಿನ ಅಜ್ಜನ ಮನೆಯ ಪಡಸಾಲೆಯಲ್ಲಿ ಕುಳಿತು ಒಂದೊಂದೇ ರಟ್ಟಿನ ಪೆಟ್ಟಿಗೆ ಬಿಚ್ಚಿ, ಸ್ಟ್ರಿಪ್‌ಗಳನ್ನು ಹೊರತೆಗೆದು, ರಬ್ಬರ್ ಬ್ಯಾಂಡ್ ಹಾಕುವಳು. ಪೆಟ್ಟಿಗೆಗಳೂ ಅವುಗಳೊಳಗಿನ ಸಣ್ಣಕ್ಷರದ ಕಾಗದಗಳೂ ಕಸಕ್ಕೆ ಹೋಗುತ್ತಿದ್ದವು, ಸೂಟ್‌ಕೇಸಿನ ತೂಕ ಉಳಿಯಬೇಕಲ್ಲ. ಆ ಕಾಗದಗಳನ್ನು ಇಟ್ಟುಕೊಂಡಿದ್ದರೂ ನಮಗೆ ಉಪಯೋಗವಾಗುತ್ತಿರಲಿಲ್ಲ. ಮನುಷ್ಯರ ಔಷಧದ ಕಾಗದದಲ್ಲಿ ಬೆಕ್ಕಿನ ಬಗ್ಗೆ ಯಾರೂ ಬರೆದಿರುವುದಿಲ್ಲ.

ಅವ್ವ ಪಿಯುಸಿಯಲ್ಲಿ ಸೈನ್ಸ್ ಓದಿದವಳು. ನರ್ಸಿಂಗಿಗೆ ಸೇರಬೇಕೆಂದಿದ್ದಳು. ಹೆಣ್ಣುಮಗಳು ಮಂದಿಯ ಹುಣ್ಣು ತೊಳೆಯುವುದು ಬೇಡವೆಂದು ಅಜ್ಜ ಬಿಡಲಿಲ್ಲ. ಮದುವೆಯಾಗುವವರೆಗಿನ ಎರಡು ವರ್ಷ ಸೋದರಮಾವನ ದವಾಖಾನೆಯಲ್ಲಿ ಕುಳಿತು ಗುಳಿಗೆ ಎಣಿಸಿ ಕಾಗದದ ಪೊಟ್ಟಣ ಕಟ್ಟಿಕೊಟ್ಟಳು. ಅಲ್ಲಿ ಕಲಿತ ನಿಯಮ ಅವಳ ಬಾಯಲ್ಲಿ ಸದಾ ಇರುತ್ತಿತ್ತು: ದೊಡ್ಡವರಿಗೆ ಇಡೀ ಗುಳಿಗೆ, ಶಾಲೆಯ ಮಕ್ಕಳಿಗೆ ಅರ್ಧ, ಅದಕ್ಕಿಂತ ಸಣ್ಣವರಿಗೆ ಕಾಲು. ಗುಳಿಗೆ ತುಂಡು ಮಾಡಲು ಅವಳ ಹತ್ತಿರ ಅಡಕತ್ತರಿಯಿತ್ತು. ಒಂದು ಚೂರೂ ಪುಡಿಯಾಗದಂತೆ ನಾಲ್ಕು ಸಮ ಭಾಗ ಮಾಡುತ್ತಿದ್ದಳು. ಆಗ ಅವಳ ಮುಖದಲ್ಲಿ ಒಂದು ಗಂಭೀರವಾದ ತೃಪ್ತಿ ಬರುತ್ತಿತ್ತು. ರೊಟ್ಟಿ ಬಡಿಯುವಾಗಲೋ ಅಪ್ಪ ಖಸಬ್‌ನಿಂದ ಬಂದಾಗಲೋ ಅದನ್ನು ನಾನು ಕಂಡಿರಲಿಲ್ಲ.

ಮೊದಲ ಮಹಡಿಯ ಝೊಹರಾ ಆಂಟಿ ವಾರಕ್ಕೆ ಎರಡು ಸಲವಾದರೂ ಮೇಲೆ ಬರುತ್ತಿದ್ದರು. ಬಂಟ್ವಾಳದ ಕಡೆಯ ಬ್ಯಾರಿಗಳು. ಅವರ ಗಂಡ ಹಮೀದ್ ಅಂಕಲ್ ಓಣಿಯ ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು.

"ಸುಮಕ್ಕ, ಸಣ್ಣವನಿಗೆ ನಿನ್ನೆಯಿಂದ ಜ್ವರ ಮಾರಾಯ್ತಿ. ಕ್ಲಿನಿಕ್ಕಿಗೆ ಹೋದ್ರೆ ಎಂತ ಮಾಡ್ತಾರೆ? ರಕ್ತ ತೆಗೀತಾರೆ, ಎಕ್ಸ್‌ರೇ ತೆಗೀತಾರೆ, ಕಡೆಗೆ ನಿಮ್ಮ ಡಬ್ಬಿಯಲ್ಲಿ ಉಂಟಲ್ಲ, ಅದೇ ಮಾತ್ರೆ ಬರೆದು ಕೊಡ್ತಾರೆ."

"ಕುಂದರ್ರಿ ಮೊದಲ. ಮುಂಜಾನಿಂದ ಏನರ ತಿಂದಾನ?"

"ತಿನ್ನುವುದಾ? ಒಂದು ಪ್ಯಾಕೆಟ್ ಚಿಪ್ಸ್ ಖಲಾಸ್ ಮಾಡಿದ್ದಾನೆ, ಕಳ್ಳ."

"ಹಂಗಾರ ಏನೂ ಆಗಿಲ್ಲ ಬಿಡ್ರಿ ಅವಂಗ. ಅರ್ಧ ಕೊಡ್ತೀನಿ. ಇಳೀಲಿಲ್ಲಂದ್ರ ಸಂಜಿಕೆ ಮತ್ತರ್ಧ."

ಗುಳಿಗೆ ಕೊಟ್ಟಾದ ಮೇಲೆ ಅವ್ವ ಒಂದು ಹಿಡಿ ಉಪ್ಪು ನಿವಾಳಿಸಿ ಸಿಂಕಿಗೆ ಹಾಕಿ ನೀರು ಬಿಡುತ್ತಿದ್ದಳು. ಝೊಹರಾ ಆಂಟಿ ಅದಕ್ಕೆ ಬೇಡವೆನ್ನುತ್ತಿರಲಿಲ್ಲ, ತಾವೂ ಬಾಯೊಳಗೆ ಏನೋ ಓದಿ ಮಗುವಿನ ನೆತ್ತಿಗೆ ಊದುತ್ತಿದ್ದರು. ಹಮೀದ್ ಅಂಕಲ್ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

"ಎಂತ ಅಕ್ಕ, ನಿಮ್ಮ ಲೈಸೆನ್ಸ್ ಇಲ್ಲದ ಆಸ್ಪತ್ರೆ ಹೇಗೆ ನಡೀತಾ ಉಂಟು? ಒಂದು ದಿನ ಮುನ್ಸಿಪಾಲಿಟಿಯವರು ಬಂದು ಫ್ರಿಜ್ಜಿಗೆ ಸೀಲ್ ಹಾಕ್ತಾರೆ ನೋಡಿ."

"ಹಾಕ್ಲಿ ಬಿಡ್ರಿ. ಅವರಿಗೂ ತಲಿನೋವು ಬಂದ್ರ ಇಲ್ಲೇ ಬರ್ತಾರ."

ಬೆಕ್ಕು ಬಂದದ್ದು ನಾನು ಎಂಟನೆಯ ತರಗತಿಯಲ್ಲಿದ್ದಾಗ. ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಯಾವಾಗಲೂ ಐದಾರು ಬೆಕ್ಕುಗಳಿರುತ್ತಿದ್ದವು. ಅವುಗಳಲ್ಲಿ ಹುರಿದ ಶೇಂಗಾ ಸಿಪ್ಪೆಯ ಬಣ್ಣದ ಒಂದು ಹೆಣ್ಣುಬೆಕ್ಕು ನಾನು ಶಾಲೆಯಿಂದ ಬರುವ ಹೊತ್ತಿಗೆ ಎರಡನೆಯ ಮಹಡಿಯವರೆಗೂ ಹಿಂದೆಯೇ ಹತ್ತಿ ಬರತೊಡಗಿತು. ನಾನು ಅದಕ್ಕೆ ಶೇಂಗಾ ಎಂದು ಹೆಸರಿಟ್ಟೆ. ಒಂದು ದಿನ ಅದು ಹೊಸ್ತಿಲು ದಾಟಿ ಸೋಫಾದ ಕೆಳಗೆ ಹೋಗಿ ಕುಳಿತಾಗ ಮನೆಯಲ್ಲಿ ದೊಡ್ಡ ಜಗಳವಾಯಿತು.

"ಅದು ಮನಿಯೊಳಗ ಇರೂದಾದ್ರ ನಾ ಖಸಬ್‌ಗೆ ಹೊಕ್ಕೀನಿ. ನೀನೂ ನಿನ್ನ ಬೆಕ್ಕೂ ರೊಟ್ಟಿ ಬಡಕೊಂಡು ತಿನ್ರಿ."

ನಾನು ಇಂಗ್ಲಿಷಿನಲ್ಲಿ ಏನೋ ಗೊಣಗಿದೆ.

"ಕನ್ನಡದಾಗ ಜಗಳಾಡು. ಇಂಗ್ಲಿಷಿನ್ಯಾಗ ಬೈದ್ರ ನನಗ ಹತ್ತೂದಿಲ್ಲ."

ಅವ್ವ ಖಸಬ್‌ಗೆ ಹೋಗಲಿಲ್ಲ, ಬೆಕ್ಕೂ ಹೋಗಲಿಲ್ಲ. ಮೊದಲು ಅದಕ್ಕೆ ಹಾಲ್‌ನವರೆಗೆ ಮಾತ್ರ ಪ್ರವೇಶವಿತ್ತು. ಆಮೇಲೆ ಅಡುಗೆಮನೆಯ ಬಾಗಿಲವರೆಗೆ. ಚಳಿಗಾಲ ಮುಗಿಯುವ ಹೊತ್ತಿಗೆ ಅವ್ವ ರೊಟ್ಟಿಯ ತುಂಡನ್ನು ಹಾಲಿನಲ್ಲಿ ನೆನೆಸಿ, ಮೇಲೆ ತುಪ್ಪ ಹಾಕಿ, ತಾಟನ್ನು ನೆಲಕ್ಕಿಡುತ್ತಿದ್ದಳು. ನಾನು ಶಾಲೆಯಿಂದ ಬಂದು ಬಾಗಿಲು ತೆರೆಯುವ ಮೊದಲೇ ಒಳಗಿನ ಮಾತು ಕೇಳುತ್ತಿತ್ತು. ಇವತ್ತು ಅಕ್ಕ ಫೋನ್ ಮಾಡಿದ್ದಳು, ಬಾಗಲಕೋಟೆಯಲ್ಲಿ ಬಿಸಿಲು ಶುರುವಾಗಿದೆಯಂತೆ, ಇವಳ ಅಪ್ಪ ಈ ಸಲವೂ ರಜೆ ಮುಂದೂಡಿದರು. ಇದೆಲ್ಲವನ್ನೂ ಅವ್ವ ಬೆಕ್ಕಿಗೆ ಹೇಳುತ್ತಿದ್ದಳು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ನನಗೆ ಸಣ್ಣ ಹೊಟ್ಟೆಕಿಚ್ಚಾಗುತ್ತಿತ್ತು. ಯಾರ ಮೇಲೆಂದು ನನಗೇ ತಿಳಿಯುತ್ತಿರಲಿಲ್ಲ. ನಾನೂ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಅದೇ ಬೆಕ್ಕಿಗೆ ನನ್ನ ಶಾಲೆಯ ಸಂಗತಿಗಳನ್ನು ಹೇಳುತ್ತಿದ್ದೆ. ಅವ್ವನೂ ನಾನೂ ಪರಸ್ಪರ ಆಡದ ಎಷ್ಟೋ ಮಾತನ್ನು ಆ ಪ್ರಾಣಿ ಕೇಳಿಸಿಕೊಂಡಿತ್ತು.

ಮೇ ತಿಂಗಳ ಒಂದು ಗುರುವಾರ ಶೇಂಗಾ ಮನೆಗೆ ಬರಲಿಲ್ಲ. ಶುಕ್ರವಾರ ಬೆಳಗ್ಗೆ ಬಾಗಿಲು ತೆರೆದಾಗ ಹೊಸ್ತಿಲಲ್ಲೇ ಕುಳಿತಿತ್ತು. ಬೇರೆ ಬೆಕ್ಕಿನೊಡನೆ ಕಾದಾಡಿತ್ತೆಂದು ಕಾಣುತ್ತದೆ, ಬಾಲದ ಬುಡದಲ್ಲಿ ಹಲ್ಲು ನಾಟಿದ ಗಾಯ ಬಾತುಕೊಂಡಿತ್ತು. ಹಾಲು ಮುಟ್ಟಲಿಲ್ಲ. ಅವ್ವ ಅದರ ಕಿವಿಗಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಮೈ ಸುಡಾಕತ್ತೇತಿ, ಗೌರೀ. ಜ್ವರ ಬಂದಾವ ಇದಕ್ಕ."

"ವೆಟ್ ಡಾಕ್ಟರ್ ಹತ್ತಿರ ಹೋಗೋಣ."

"ಇವತ್ತು ಶುಕ್ರವಾರ. ಸಂಜಿತನಕ ಯಾರು ತಗದಿರ್ತಾರ? ಅಲ್ಲೀತನಕ ಸುಡ್ಲೇನು ಇದು ಹಿಂಗ?"

ಅವಳು ಡಬ್ಬಿ ಇಳಿಸಿದಳು. ಜ್ವರದ ಗುಳಿಗೆಯೊಂದನ್ನು ಅಡಕತ್ತರಿಯಲ್ಲಿಟ್ಟು ನಾಲ್ಕು ಮಾಡಿ, ಒಂದು ಭಾಗವನ್ನು ಪುಡಿ ಮಾಡಿ ಹಾಲಿನ ಕೆನೆಯಲ್ಲಿ ಕಲಸಿ, ಬೆಕ್ಕಿನ ಬಾಯಿ ತೆರೆದು ನಾಲಿಗೆಯ ಹಿಂದೆ ಸವರಿದಳು. ಉಪ್ಪನ್ನೂ ನಿವಾಳಿಸಿದಳು. ನಾನು ನೋಡುತ್ತ ನಿಂತಿದ್ದೆ. ನನಗೆ ಸಂತೋಷವೇ ಆಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆ ಡಬ್ಬಿಯಿಂದ ಗುಳಿಗೆ ಸಿಗುವುದೆಂದರೆ ಅವ್ವನ ಲೆಕ್ಕದಲ್ಲಿ ಮನೆಯವರಾಗುವುದು. ಎದುರು ಮನೆಯವರಿಗೂ ಝೊಹರಾ ಆಂಟಿಯ ಮಕ್ಕಳಿಗೂ ಸಿಕ್ಕದ್ದು ಈಗ ನನ್ನ ಬೆಕ್ಕಿಗೂ ಸಿಕ್ಕಿತ್ತು.

ಆ ದಿನ ಮಸ್ಕತ್ತಿನ ಇನ್ನೊಂದು ತುದಿಯ ಅಲ್ ಮವಾಲೇಹ್‌ನಲ್ಲಿ ಪರಿಚಯದವರ ಮನೆಯಲ್ಲಿ ಹೊಸ ಮನೆಯ ಪೂಜೆ, ಊಟ. ನಮ್ಮ ಕಡೆಯ ಏಳೆಂಟು ಕುಟುಂಬಗಳು ಸೇರುವವಿದ್ದವು. ಪರೀಕ್ಷೆಯ ನೆಪ ಹೇಳಿ ನಾನು ಮನೆಯಲ್ಲೇ ಉಳಿದೆ. ಹತ್ತು ಗಂಟೆಗೆ ಯಾರೋ ಕಾರು ತಂದರು. ಚಪ್ಪಲಿ ಮೆಟ್ಟುತ್ತ ಅವ್ವ ಹೇಳಿದಳು.

"ಬಂದು ನೋಡ್ತೀನಿ. ಇಳಿದಿದ್ದಿಲ್ಲಂದ್ರ ಇನ್ನೊಂದ್ಕಾಲು ಹಾಕೂಣು. ನೀ ಡಬ್ಬಿ ಮುಟ್ಟಬ್ಯಾಡ."

ಹನ್ನೆರಡರವರೆಗೆ ಬೆಕ್ಕು ನನ್ನ ಮಂಚದ ಕೆಳಗೆ ಮಲಗಿತ್ತು. ನಾನು ಮಂಚದ ಮೇಲೆ ಬೀಜಗಣಿತ ಮಾಡುತ್ತಿದ್ದೆ. ಜುಮ್ಮಾ ನಮಾಜು ಮುಗಿದು ಕೆಳಗೆ ಕಾರುಗಳು ಹೊರಡುವ ಸದ್ದು ಕೇಳಿದಾಗ ಬಗ್ಗಿ ನೋಡಿದೆ. ಅದರ ಬಾಯಿಂದ ಜೊಲ್ಲು ಸುರಿದು ಮುಂಗಾಲು ಒದ್ದೆಯಾಗಿತ್ತು. ಪಕ್ಕೆಗಳು ಬೇಗಬೇಗ ಏಳುತ್ತ ಬೀಳುತ್ತ ಇದ್ದವು. ಹೆಸರು ಕರೆದರೆ ಕಿವಿ ಅಲುಗಲಿಲ್ಲ. ಅವ್ವನಿಗೆ ಫೋನ್ ಮಾಡಿದೆ. ಎರಡು ಸಲ ರಿಂಗಾಗಿ ನಿಂತಿತು, ಊಟ ಬಡಿಸುತ್ತಿದ್ದಳಂತೆ. ಜ್ವರ ಏರುತ್ತಿದೆ ಎಂದು ನಾನು ತೀರ್ಮಾನಿಸಿದೆ. ಇಷ್ಟು ವರ್ಷ ಆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಾತು ನನಗೆ ಬಾಯಿಪಾಠವಾಗಿತ್ತು: ಇಳಿಯದಿದ್ದರೆ ಮತ್ತೆ ಕೊಡಬೇಕು. ಕಾಲು ಗುಳಿಗೆಗೆ ಬಗ್ಗದ ಜ್ವರಕ್ಕೆ ಇನ್ನೊಂದು ಕಾಲು ಸಾಕೇ ಎಂದು ನನ್ನ ತಲೆ ಕೇಳಿತು. ಗಣಿತದಲ್ಲಿ ನಾನು ಜಾಣೆ. ಕುರ್ಚಿ ಹತ್ತಿ ಡಬ್ಬಿ ಇಳಿಸಿದೆ. ಬೇರೊಂದು ಸ್ಟ್ರಿಪ್‌ನಿಂದ ಅದೇ ಜ್ವರದ ಗುಳಿಗೆ ತೆಗೆದು ಮಧ್ಯಕ್ಕೆ ತುಂಡು ಮಾಡಿ, ಅರ್ಧವನ್ನು ಪುಡಿ ಮಾಡಿ ಬೆಕ್ಕಿಗೆಂದು ತಂದಿದ್ದ ಟ್ಯೂನಾ ಮೀನಿನ ಡಬ್ಬಿಯ ನೀರಿನಲ್ಲಿ ಕಲಸಿ, ಚಮಚದಿಂದ ಬಾಯಿಗೆ ಹುಯ್ದೆ. ಯಾವಾಗಲೂ ಬಾಯಿ ಮುಟ್ಟಿದರೆ ಪರಚುವ ಪ್ರಾಣಿ ಆ ದಿನ ಸುಮ್ಮನೆ ನುಂಗಿತು. ಉಳಿದರ್ಧವನ್ನು ಕಮೋಡಿಗೆ ಹಾಕಿ ನೀರು ಬಿಟ್ಟೆ. ಗಡಿಯಾರ ನೋಡಿದೆ. ಒಂದೂವರೆ.

ಮೂರೂವರೆಗೆ ಅವ್ವ ಬರುವ ಹೊತ್ತಿಗೆ ಅದರ ಮುಖ ಬೇರೆ ಬೆಕ್ಕಿನದಾಗಿತ್ತು. ಕೆನ್ನೆ, ಗದ್ದ ಊದಿ ಕಣ್ಣು ಗೆರೆಗಳಾಗಿದ್ದವು. ಮುಂಗಾಲುಗಳು ಬಾತಿದ್ದವು. ಅವ್ವ ತುಟಿ ಎತ್ತಿ ನೋಡಿದಳು. ಗುಲಾಬಿ ಬಣ್ಣವಿರಬೇಕಾದ ವಸಡು ಕಾಫಿಯ ಚರಟದ ಹಾಗಿತ್ತು. ಮಂಚದ ಕೆಳಗೆ ಅದು ಮಾಡಿದ ಉಚ್ಚೆ ಕಡು ಚಹಾದಂತಿತ್ತು. ಬೆಳಗ್ಗೆ ಸುಡುತ್ತಿದ್ದ ಕಿವಿಗಳು ಈಗ ತಣ್ಣಗಿದ್ದವು. ಅವ್ವ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಳಿತಳು.

"ಏನಾತಿದಕ್ಕ? ನಾ ಹೋದಾಗ ಹಿಂಗಿದ್ದಿಲ್ಲಲ್ಲ?"

ನಾನು ಗೊತ್ತಿಲ್ಲ ಎಂದೆ.

ಹಮೀದ್ ಅಂಕಲ್ ಅಂಗಡಿಯ ವ್ಯಾನ್ ತಂದರು. ಅಕ್ಕಿಯ ಚೀಲಗಳ ನಡುವೆ ನಾನು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಸಂಜೆ ನಾಲ್ಕೂವರೆಗೆ ತೆರೆಯುವ ಒಂದು ಪಶುವೈದ್ಯರ ಕ್ಲಿನಿಕ್ ಅವರಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅವರು ಸಿಗ್ನಲ್ಲುಗಳಿಗೆ ಬೈಯುತ್ತಿದ್ದರು, "ಯಲ್ಲಾ, ಯಲ್ಲಾ" ಎಂದು ಮುಂದಿನ ಕಾರುಗಳನ್ನು ಅವಸರಪಡಿಸುತ್ತಿದ್ದರು. ಅವ್ವ ಮುಂದಿನ ಸೀಟಿನಿಂದ ತಿರುಗಿ ಬೆಕ್ಕನ್ನೇ ನೋಡುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಡಾಕ್ಟರ್ ಸುಡಾನ್ ದೇಶದ ಹೆಂಗಸು, ತಲೆಗೆ ಹಸಿರು ಸ್ಕಾರ್ಫ್ ಸುತ್ತಿದ್ದರು. ಬೆಕ್ಕಿನ ತುಟಿ ಎತ್ತಿ ನೋಡಿದ್ದೇ ಅವರ ಕೈ ಚುರುಕಾಯಿತು. ತೂಕ ನೋಡಿದರು, ಮೂರೂವರೆ ಕಿಲೋ. ಮೂಗಿಗೆ ಆಕ್ಸಿಜನ್ ಹಿಡಿಸಿ ಒಂದು ಹನಿ ರಕ್ತ ತೆಗೆದು ಬಿಳಿ ಕಾಗದದ ಮೇಲೆ ಬಿಟ್ಟರು. ಅದು ಕೆಂಪಾಗಲಿಲ್ಲ, ಕಂದು ಬಣ್ಣದಲ್ಲೇ ಉಳಿಯಿತು. ಮನೆಯಲ್ಲಿ ಏನಾದರೂ ಔಷಧ ಕೊಟ್ಟಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವ್ವನ ಇಂಗ್ಲಿಷ್ ಅಂಗಡಿಯ ಮಟ್ಟದ್ದು. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಅವಳ ಬಾಯಿ ನಾನೇ ಆಗಿದ್ದೆ. ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಅವಳಿಗೆ ಹೇಳಿದೆ.

"ಜ್ವರದ ಗುಳಿಗಿ ಕೊಟ್ಟೇನಿ ಅಂತ ಹೇಳವ್ವಾ. ಒಂದ್ಕಾಲು. ಮುಂಜಾನೆ ಎಂಟಕ್ಕ. ಮುಚ್ಚಿಡಬ್ಯಾಡ, ಎಲ್ಲಾ ಹೇಳು."

ಪ್ಯಾರಾಸಿಟಮಾಲ್, ಐನೂರರದು, ಕಾಲು ಭಾಗ, ಬೆಳಗ್ಗೆ ಎಂಟಕ್ಕೆ. ಹಾಗೆ ನಾನು ಹೇಳಿದೆ. ಡಾಕ್ಟರ್ ಬರೆದುಕೊಂಡರು. ಆಮೇಲೆ ತಲೆಯೆತ್ತಿ ಇಂಗ್ಲಿಷಿನಲ್ಲಿ, ನಿಧಾನವಾಗಿ, ಇನ್ನೊಂದು ಪ್ರಶ್ನೆ ಕೇಳಿದರು: ಅಷ್ಟೇನಾ? ಆಮೇಲೆ ಮತ್ತೆ ಕೊಡಲಿಲ್ಲವೇ? ಸರಿಯಾಗಿ ಕೇಳಿ ಹೇಳು.

ಆ ಪ್ರಶ್ನೆಯನ್ನು ನಾನು ಅವ್ವನಿಗೆ ಹೇಳಲಿಲ್ಲ. ಅವಳ ಕಡೆ ತಿರುಗಲೂ ಇಲ್ಲ. ಅಷ್ಟೇ ಎಂದು ನಾನೇ ಉತ್ತರಿಸಿದೆ.

"ಏನ್ ಕೇಳಿದ್ರು?"

"ಗಾಯ ಹೆಂಗಾಯಿತು ಅಂತ."

ಆಮೇಲೆ ಡಾಕ್ಟರ್ ಹೇಳಿದ್ದನ್ನು ಒಂದೊಂದೇ ವಾಕ್ಯವಾಗಿ ಅವ್ವನಿಗೆ ತಲುಪಿಸುವ ಕೆಲಸವೂ ನನ್ನದೇ ಆಯಿತು. ಮನುಷ್ಯರ ಯಕೃತ್ತು ಈ ಔಷಧವನ್ನು ಕರಗಿಸಿ ಹೊರಹಾಕುತ್ತದೆ, ಬೆಕ್ಕಿನ ಯಕೃತ್ತಿಗೆ ಆ ದಾರಿಯೇ ಇಲ್ಲವೆನ್ನುವಷ್ಟು ಕಡಿಮೆ. ಒಳಗೇ ಉಳಿದು ರಕ್ತವನ್ನು ಕೆಡಿಸುತ್ತದೆ. ಕೆಟ್ಟ ರಕ್ತ ಉಸಿರನ್ನು ಹೊರಲಾರದು. ಸಣ್ಣ ಮೈಗೆ ಸಣ್ಣ ಪ್ರಮಾಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಬೆಕ್ಕಿಗೆ ಇದರಲ್ಲಿ ಸುರಕ್ಷಿತವಾದ ಅಳತೆಯೇ ಇಲ್ಲ. ನಾಯಿಗೂ ನಮ್ಮ ನೋವಿನ ಮಾತ್ರೆಗಳನ್ನು ಹೀಗೆ ಕೊಟ್ಟು ಕೊಲ್ಲುವವರಿದ್ದಾರೆ. ಇದಕ್ಕೆ ಪ್ರತಿಮದ್ದು ಇದೆ, ಹಾಕುತ್ತೇನೆ, ಆದರೆ ಒಂಬತ್ತು ತಾಸು ಆಗಿಹೋಗಿದೆ.

"ಅಂದ್ರ ವಿಷಾನ ಇದಕ್ಕ?" ಅವ್ವ ಕೇಳಿದಳು.

ನಾನು ಹೂಂ ಎಂದೆ. ಅವ್ವನ ಕೈ ಟೇಬಲ್ಲಿನ ಅಂಚನ್ನು ಹಿಡಿಯಿತು. ಅವಳು ಅಳಲಿಲ್ಲ. ಬೆಕ್ಕಿನ ಬೆನ್ನಿನ ಮೇಲಿಟ್ಟಿದ್ದ ಇನ್ನೊಂದು ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಳು.

ಬೆಕ್ಕನ್ನು ಅಲ್ಲೇ ಇಟ್ಟುಕೊಂಡರು. ಶನಿವಾರ ಬೆಳಗ್ಗೆ ಹೋದಾಗ ಗಾಜಿನ ಪೆಟ್ಟಿಗೆಯೊಳಗೆ ಅಡ್ಡ ಮಲಗಿತ್ತು. ಬಾಯಿ ತೆರೆದು ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಕುತ್ತಿಗೆ ಮುಂದಕ್ಕೆ ಚಾಚುತ್ತಿತ್ತು. ನಾನು ಕರೆದೆ. ಅವ್ವ ಕರೆದಳು. ಅವ್ವನ ದನಿಗೆ ಬಾಲದ ತುದಿ ಒಮ್ಮೆ ಅಲುಗಿತು ಎಂದು ನನಗನ್ನಿಸಿತು. ಹನ್ನೊಂದು ಗಂಟೆಗೆ ಮೊದಲೇ ಸತ್ತಿತು. ಕಾಲು ಗುಳಿಗೆಗೆ ಇಷ್ಟು ಬೇಗ, ಇಷ್ಟು ಜೋರಾಗಿ ಆಗುವುದು ಕಡಿಮೆ, ಬಹುಶಃ ಯಕೃತ್ತು ಮೊದಲೇ ಕೆಟ್ಟಿತ್ತೇನೋ ಎಂದು ಡಾಕ್ಟರ್ ಹೇಳಿದರು. ಇದನ್ನೂ ನಾನು ಅವ್ವನಿಗೆ ಹೇಳಲಿಲ್ಲ.

ಅರ್ಧವನ್ನೂ ಹೇಳಿದ್ದರೆ ಏನಾಗುತ್ತಿತ್ತು? ಕಾಲೇಜಿನಲ್ಲಿ ಫಾರ್ಮಸಿ ಓದುವಾಗ ಈ ಪ್ರಶ್ನೆಯನ್ನು ಪುಸ್ತಕಗಳಿಗೆ ಕೇಳಿದೆ. ನನ್ನ ಅರ್ಧ ಹೊಟ್ಟೆಗೆ ಹೋಗಿ ಆಗ ಮೂರು ತಾಸಾಗಿತ್ತು. ಇದ್ದಿಲಿನ ಪುಡಿ ಕುಡಿಸಿ ಸ್ವಲ್ಪ ತಡೆಯಬಹುದಿತ್ತೋ ಏನೋ, ಬೇರೆ ಬೆಕ್ಕಿನ ರಕ್ತ ಹಾಕುವ ಯೋಚನೆ ಮಾಡುತ್ತಿದ್ದರೋ ಏನೋ. ಕಾಲು ಮಾತ್ರ ಕೊಟ್ಟು ಬೇಗ ಚಿಕಿತ್ಸೆ ಸಿಕ್ಕ ಬೆಕ್ಕುಗಳು ಬದುಕಿದ್ದುಂಟು. ಮುಕ್ಕಾಲು ಗುಳಿಗೆ ಹೊಟ್ಟೆಗೆ ಹೋದ ಬೆಕ್ಕು ಬದುಕುವುದು ಕಷ್ಟ. ಕಾಲು ಅವ್ವನದು. ಅರ್ಧ ನನ್ನದು.

ಮುಂದಿನ ವಾರ ಝೊಹರಾ ಆಂಟಿ ಕೆಮ್ಮಿನ ಮಗುವನ್ನು ಎತ್ತಿಕೊಂಡು ಬಂದಾಗ ಅವ್ವ ಕುರ್ಚಿ ಕೊಟ್ಟಳು, ಚಹಾ ಕೊಟ್ಟಳು, ಡಬ್ಬಿ ಇಳಿಸಲಿಲ್ಲ.

"ಡಾಕ್ಟರ್ ಕಡೆ ಕರ್ಕೊಂಡು ಹೋಗ್ರಿ, ಝೊಹರಾ."

"ಅದು ಬೆಕ್ಕು ಸುಮಕ್ಕ, ಇದು ಮಗು. ನೀವು ಕೊಟ್ಟ ಮಾತ್ರೆಯಲ್ಲೇ ನನ್ನ ಮೂರೂ ಮಕ್ಕಳು ಬೆಳೆದದ್ದಲ್ವಾ?"

"ಬ್ಯಾಡ. ನನ್ನ ಕೈ ಸರಿ ಇಲ್ಲ."

ಒಂದು ತಿಂಗಳಲ್ಲಿ ಜನ ಬರುವುದು ನಿಂತಿತು. ಆ ಬೇಸಗೆಯಲ್ಲಿ ಬಾಗಲಕೋಟೆಯಿಂದ ಬರುವಾಗ ಸೂಟ್‌ಕೇಸಿನಲ್ಲಿ ಗುಳಿಗೆ ಇರಲಿಲ್ಲ. ಅಪ್ಪ ಫೋನಿನಲ್ಲಿ ನಕ್ಕು ಸಮಾಧಾನ ಮಾಡಿದರು, ಒಂದು ಬೆಕ್ಕಿಗೆ ಇಷ್ಟು ಯಾಕೆ ಎಂದು ಕೇಳಿದರು. ತಲೆನೋವು ಬಂದರೆ ಹಣೆಗೆ ಸೀರೆಯ ಸೆರಗು ಬಿಗಿದು ಮಲಗುತ್ತಿದ್ದಳು. ಆದರೆ ಬೆಕ್ಕಿನ ಕಥೆಯನ್ನು ಮಾತ್ರ ಎಲ್ಲರಿಗೂ ಹೇಳುತ್ತಿದ್ದಳು. ಹಬ್ಬದೂಟದಲ್ಲಿ, ಪಾರ್ಕಿನಲ್ಲಿ, ಕಟ್ಟಡಕ್ಕೆ ಹೊಸದಾಗಿ ಬಂದ ಸೊಸೆಯಂದಿರ ಎದುರು. ಬೆಕ್ಕಿಗೆ, ನಾಯಿಗೆ ನಮ್ಮ ಗುಳಿಗಿ ಕೊಡಬ್ಯಾಡ್ರಿ, ನಾ ಕಾಲು ಕೊಟ್ಟು ಕೊಂದೇನಿ. ಹೀಗೆಯೇ, ಇದೇ ಮಾತುಗಳಲ್ಲಿ. ಕೇಳುವವರು ಮಲಯಾಳಿಗಳೋ ಫಿಲಿಪೀನ್ಸಿನವರೋ ಆಗಿದ್ದರೆ ನನ್ನ ಕಡೆ ತಿರುಗುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನನ್ನ ಅಮ್ಮ ಬೆಕ್ಕಿಗೆ ಕಾಲು ಮಾತ್ರೆ ಕೊಟ್ಟು ಕೊಂದರು. ಎಷ್ಟು ಸಲ ಹೇಳಿದ್ದೇನೆಂದು ನೆನಪಿಲ್ಲ. ಜನ ನನ್ನನ್ನು ಮಿತಭಾಷಿ, ಹೇಳಿದ್ದನ್ನು ತೂಗಿ ಹೇಳುವವಳು ಎನ್ನುತ್ತಾರೆ. ತೂಗುವುದನ್ನು ನಾನು ಹೀಗೆ ಕಲಿತೆ.

ಈಗ ನಾನು ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದೇನೆ. ಅಲ್ ಮವಾಲೇಹ್‌ನಲ್ಲಿ ನನ್ನದೇ ಬೇರೆ ಮನೆ. ಅಪ್ಪ ಖಸಬ್ ಬಿಟ್ಟು ಮಸ್ಕತ್ತಿಗೆ ಬಂದಿದ್ದಾರೆ. ವಾರಾಂತ್ಯ ಹಮ್ರಿಯಾಕ್ಕೆ ಹೋಗುತ್ತೇನೆ. ಕಳೆದ ಚಳಿಗಾಲದ ಒಂದು ಶನಿವಾರ ಅಲ್ಲೇ ಜ್ವರ ಬಂತು. ಬೆಳಗ್ಗೆ ಏಳಲಾಗದೆ ನನ್ನ ಹಳೆಯ ಮಂಚದಲ್ಲಿ ಮಲಗಿದ್ದೆ. ಅಪ್ಪ ಕೆಳಗಿನ ಔಷಧದಂಗಡಿಯಿಂದ ಪ್ಯಾರಾಸಿಟಮಾಲ್ ತಂದು ಅವ್ವನ ಕೈಗೆ ಕೊಟ್ಟು ತರಕಾರಿಗೆ ಹೋದರು. ಎಷ್ಟೋ ಹೊತ್ತಾದರೂ ಯಾರೂ ಒಳಗೆ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಗುಳಿಗೆಯ ಪೆಟ್ಟಿಗೆಯಿಂದ ತೆಗೆದು ಬಿಚ್ಚಿದ ಸಣ್ಣಕ್ಷರದ ಕಾಗದ. ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ, ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

"ಗೌರೀ, ಒಂದು ಕೊಡ್ಲೇನು? ನಿನಗ ನಡೀತೈತೇನು? ನೀನಽ ಒಂದ್ಸಲ ನೋಡಿ ಹೇಳು."

ಇಪ್ಪತ್ತೇಳು ವರ್ಷದ ಮಗಳಿಗೆ ಜ್ವರದ ಗುಳಿಗೆ ಕೊಡಲು ಅವಳು ಹೆದರುತ್ತಿದ್ದಳು.

"ಅವ್ವ, ಕುಂದರು. ಆ ಶುಕ್ರವಾರ ಮಧ್ಯಾಹ್ನ ಶೇಂಗಾಗೆ ನಾನೂ ಕೊಟ್ಟೆ. ನೀ ಮನೇಲಿ ಇರಲಿಲ್ಲ. ಅರ್ಧ."

ಅವಳು ಕೂರಲಿಲ್ಲ.

"ಅರ್ಧ?"

"ಒಂದೂವರೆಗೆ."

"ಡಾಕ್ಟರ್ ಕೇಳಿದಾಗ ನಾ ಎಲ್ಲಾ ಹೇಳು ಅಂದಿದ್ನಲ್ಲ?"

"ಹೂಂ. ಮತ್ತೆ ಕೊಟ್ಟೀರೇನು ಅಂತ ಅವರು ಇನ್ನೊಂದ್ಸಲ ಕೇಳಿದ್ರು. ನಾ ನಿನಗ ಹೇಳಲಿಲ್ಲ. ಇಲ್ಲ ಅಂದೆ."

ಅವ್ವ ಲೋಟವನ್ನು ಮೇಜಿನ ಮೇಲಿಟ್ಟಳು. ಕನ್ನಡಕ ತೆಗೆದಳು. ಅವಳ ಮುಂದಿನ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು, ಹದಿನಾಲ್ಕು ವರ್ಷದಿಂದ ಗೊತ್ತಿತ್ತು.

"ಹಂಗಾರ ನನ್ನ ಕಾಲು ಗುಳಿಗಿಯಿಂದ ಅದು ಸಾಯ್ಲಿಲ್ಲ?"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಾಗಲಿಲ್ಲ.

"ಗೊತ್ತಿಲ್ಲವ್ವ. ಉಳೀತಿತ್ತೇನೋ. ಆದ್ರ ಕಾಲೂ ಕೊಡಬಾರದಿತ್ತು. ಅದೂ ವಿಷನೇ."

ಅವಳು ನನ್ನನ್ನು ನೋಡುತ್ತ ನಿಂತಳು.

"ನಾ ಮಂದಿ ಮುಂದ ಹೇಳಿಕೋತ ಬಂದೆ. ನೀ ಬಾಜೂಕ ಕುಂತಿರ್ತಿದ್ದಿ. ಇಂಗ್ಲಿಷಿನ್ಯಾಗ ನೀನಽ ಹೇಳ್ತಿದ್ದಿ."

ನಾನು ಮಂಚದ ಮೇಲೆ ಎದ್ದು ಕುಳಿತೆ.

"ಅವತ್ತ ಹೇಳಿದ್ರ ಇಬ್ಬರೂ ಕೂಡಿ ಅಳ್ತಿದ್ವಿ. ಅಷ್ಟಽ ಆಗ್ತಿತ್ತು."

ಅವಳು ಕಾಗದವನ್ನು ಮಡಚಲಿಲ್ಲ, ಮುದುಡಿ ಮೂಲೆಗೆ ಎಸೆದಳು. ಸ್ಟ್ರಿಪ್ ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ಒಂದು ಗುಳಿಗೆ ಹೊರತೆಗೆದಳು, ಇಡೀ ಗುಳಿಗೆ. ನನ್ನ ಅಂಗೈ ಎಳೆದು ಅದರ ಮೇಲಿಟ್ಟಳು.

"ನುಂಗು. ಜ್ವರ ಇಳಿದ ಮ್ಯಾಲೆ ನಿನ್ನ ಮನೀಗೆ ಹೋಗು. ಸ್ವಲ್ಪ ದಿನ ಬರಬ್ಯಾಡ."